ಹುದ್ದೆ ಬಿಟ್ಟವರ ಮೇಲೆ ಮಹಾಭಿಯೋಗ: ಹೇಸ್ಟಿಂಗ್ಸ್‌ನಿಂದ ಟ್ರಂಪ್‌ವರೆಗೆ

ರಾಷ್ಟ್ರಪತಿಯವರನ್ನು ಹುದ್ದೆಯಿಂದ ತೆಗೆಯುವ ಕ್ರಮವನ್ನು ಹಲಗೆಯ ಮೇಲೆ ಬರೆದು ಮುಗಿಸಿದ್ದೆವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಅಮೆರಿಕದಲ್ಲಿ ಟ್ರಂಪ್ ಮನೆಗೆ ಹೋದ ಮೇಲೆ ವಿಚಾರಣೆ ಮಾಡಿದರಂತಲ್ಲ, ಕೆಲಸದಲ್ಲೇ ಇಲ್ಲದವರನ್ನು ಕೆಲಸದಿಂದ ತೆಗೆಯುವುದು ಹೇಗೆ?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು. ಆದರೆ ಅದು ನಗುವ ಪ್ರಶ್ನೆಯಲ್ಲ. ಅಮೆರಿಕದ ಸೆನೆಟ್ ಇದೇ ಪ್ರಶ್ನೆಯ ಮೇಲೆ ದಿನಗಟ್ಟಲೆ ವಾದ ಕೇಳಿದೆ, ಮತ ಹಾಕಿದೆ, ಮತ ಹಾಕಿದ ಮೇಲೂ ಒಮ್ಮತಕ್ಕೆ ಬಂದಿಲ್ಲ. ಅಂದು ಗಂಟೆ ಹೊಡೆದ ಕಾರಣ ಅರ್ಧ ಉತ್ತರ ಕೊಟ್ಟು ಹೊರಬಂದೆವು. ಉಳಿದರ್ಧ ಇಲ್ಲಿದೆ.

ಮೊದಲು ಪದದ ವಿಷಯ. ಪತ್ರಿಕೆಗಳು ಇದನ್ನು ವಾಗ್ದಂಡನೆ ಎನ್ನುತ್ತವೆ. ಮಾತಿನಿಂದ ಗದರಿಸಿ ಬಿಡುವುದು ಎಂಬ ಅರ್ಥ ಮಕ್ಕಳಿಗೆ ಬರುತ್ತದೆ, ಆದ್ದರಿಂದ ನಮಗೆ ಆ ಪದ ಅಷ್ಟು ಹಿಡಿಸುವುದಿಲ್ಲ. ಮಹಾಭಿಯೋಗ ಎಂಬುದೇ ಸರಿ, ಅಂದರೆ ದೊಡ್ಡ ಆರೋಪ. ಅಮೆರಿಕದಲ್ಲಿ ಇದಕ್ಕೆ ಎರಡು ಹಂತ. ಕೆಳಮನೆಯಾದ ಪ್ರತಿನಿಧಿ ಸಭೆ ಸರಳ ಬಹುಮತದಿಂದ ಆರೋಪ ಹೊರಿಸುತ್ತದೆ. ಮೇಲ್ಮನೆಯಾದ ಸೆನೆಟ್ ನ್ಯಾಯಾಲಯದಂತೆ ಕುಳಿತು ವಿಚಾರಣೆ ನಡೆಸುತ್ತದೆ. ದೋಷಿ ಎನ್ನಬೇಕಾದರೆ ಹಾಜರಿದ್ದ ಸದಸ್ಯರಲ್ಲಿ ಮೂರನೇ ಎರಡು ಭಾಗ ಕೈ ಎತ್ತಬೇಕು. ಅಧ್ಯಕ್ಷರ ವಿಚಾರಣೆಯಾದರೆ ಮುಖ್ಯ ನ್ಯಾಯಮೂರ್ತಿಗಳೇ ಪೀಠದಲ್ಲಿ ಕೂರಬೇಕು. ಈ ಮೂರನೇ ಎರಡು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದಿನ ಕಥೆಯೆಲ್ಲ ಅದರ ಸುತ್ತಲೇ ತಿರುಗುತ್ತದೆ.

ಇನ್ನು ಸಂವಿಧಾನದ ಮಾತುಗಳು. ಒಂದು ಕಡೆ, ಅಧ್ಯಕ್ಷ, ಉಪಾಧ್ಯಕ್ಷ ಮತ್ತು ಎಲ್ಲ ನಾಗರಿಕ ಅಧಿಕಾರಿಗಳನ್ನು ದೇಶದ್ರೋಹ, ಲಂಚ ಅಥವಾ ಇತರ ಘೋರ ಅಪರಾಧಗಳಿಗಾಗಿ ಮಹಾಭಿಯೋಗದ ಮೂಲಕ ಹುದ್ದೆಯಿಂದ ತೆಗೆಯಬೇಕು ಎಂದಿದೆ. ಮಾಜಿ ಎಂಬ ಮಾತಿಲ್ಲ. ಇನ್ನೊಂದು ಕಡೆ, ಎಲ್ಲ ಮಹಾಭಿಯೋಗಗಳನ್ನೂ ವಿಚಾರಿಸುವ ಅಧಿಕಾರ ಸೆನೆಟ್ಟಿಗೆ ಮಾತ್ರ ಎಂದಿದೆ. ಇಲ್ಲಿ 'ಎಲ್ಲ' ಎಂಬ ಮಾತಿದೆ. ಶಿಕ್ಷೆ ಏನೆಂದರೆ, ಹುದ್ದೆಯಿಂದ ತೆಗೆಯುವುದು ಹಾಗೂ ಮುಂದೆ ಗೌರವದ, ವಿಶ್ವಾಸದ ಅಥವಾ ಲಾಭದ ಯಾವ ಸರಕಾರಿ ಹುದ್ದೆಗೂ ಬಾರದಂತೆ ಅನರ್ಹಗೊಳಿಸುವುದು, ಇದಕ್ಕಿಂತ ಹೆಚ್ಚಿನದು ಕೂಡದು. ಜೈಲು, ದಂಡ ಎಲ್ಲ ಸಾಮಾನ್ಯ ನ್ಯಾಯಾಲಯದ ಕೆಲಸ.

ನಮ್ಮ ವಿದ್ಯಾರ್ಥಿನಿ ಮೊದಲನೆಯ ಶಿಕ್ಷೆಯನ್ನು ಮಾತ್ರ ನೋಡಿದ್ದಳು. ಹೋದವನನ್ನು ತೆಗೆಯಲಾಗದು, ನಿಜ. ಆದರೆ ಹೋದವನು ಮತ್ತೆ ಬಾರದಂತೆ ಬಾಗಿಲು ಹಾಕಬಹುದಲ್ಲ? ಇಡೀ ಜಗಳ ಇರುವುದು ಇಲ್ಲಿ.

ಈ ಪದ್ಧತಿ ಅಮೆರಿಕದವರು ಕಂಡುಹಿಡಿದದ್ದಲ್ಲ, ಇಂಗ್ಲೆಂಡಿನಿಂದ ತಂದದ್ದು. ಅವರು ಸಂವಿಧಾನ ಬರೆಯಲು ಕುಳಿತ 1787ರಲ್ಲಿ ಎಲ್ಲರ ಬಾಯಲ್ಲಿದ್ದ ಹೆಸರು ನಮ್ಮ ಮಕ್ಕಳಿಗೂ ಪರಿಚಿತ: ವಾರನ್ ಹೇಸ್ಟಿಂಗ್ಸ್. ಬಂಗಾಳದ ಮೊದಲ ಗವರ್ನರ್ ಜನರಲ್. ಹೈದರಾಲಿಯೊಂದಿಗಿನ ಎರಡನೇ ಮೈಸೂರು ಯುದ್ಧ ಈತನ ಕಾಲದ್ದು. 1784ರ ಮಾರ್ಚಿನಲ್ಲಿ ಮಂಗಳೂರಿನಲ್ಲಿ ಟಿಪ್ಪುವಿನೊಂದಿಗೆ ಆದ ಒಪ್ಪಂದವೂ ಈತನ ಕಾಲದ್ದೇ, ಮದ್ರಾಸಿನವರು ಮಾಡಿಕೊಂಡ ಆ ಒಪ್ಪಂದ ಈತನಿಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಮರುವರ್ಷ, 1785ರ ಫೆಬ್ರವರಿಯಲ್ಲಿ, ಹುದ್ದೆ ಬಿಟ್ಟು ಊರಿಗೆ ಹಡಗು ಹತ್ತಿದ. ಪಾಠಪುಸ್ತಕ ಅಲ್ಲಿಗೆ ಅವನನ್ನು ಬಿಟ್ಟು ಕಾರ್ನ್‌ವಾಲಿಸನ ಕಡೆಗೆ ಹೊರಳುತ್ತದೆ. ಆದರೆ ಅವನ ದೊಡ್ಡ ಕಥೆ ಶುರುವಾಗುವುದೇ ಊರಿಗೆ ಹೋದ ಮೇಲೆ.

ಕಾಶಿಯ ರಾಜ ಚೇತ್ ಸಿಂಗನಿಂದ ಹಣ ಸುಲಿದದ್ದು, ಔಧದ ಬೇಗಂಗಳ ಖಜಾನೆಗೆ ಕೈ ಹಾಕಿದ್ದು, ಉಡುಗೊರೆಯ ಹೆಸರಿನಲ್ಲಿ ಹಣ ಪಡೆದದ್ದು, ಇವೆಲ್ಲವನ್ನೂ ಪಟ್ಟಿ ಮಾಡಿ ಎಡ್ಮಂಡ್ ಬರ್ಕ್ ಎಂಬ ಸಂಸದ ಬೆನ್ನು ಹತ್ತಿದ. 1787ರ ಮೇ ತಿಂಗಳಿನಲ್ಲಿ ಕೆಳಮನೆ ಮಹಾಭಿಯೋಗ ಹೂಡಿತು. ಅಷ್ಟರಲ್ಲಿ ಹೇಸ್ಟಿಂಗ್ಸ್ ಹುದ್ದೆ ಬಿಟ್ಟು ಎರಡು ವರ್ಷ ದಾಟಿತ್ತು. 1788ರ ಫೆಬ್ರವರಿ 13ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ವಿಚಾರಣೆ ಆರಂಭವಾಯಿತು. ಮೊದಲ ದಿನಗಳಲ್ಲಿ ಒಳಗೆ ಹೋಗಲು ಟಿಕೇಟಿಗೆ ನೂಕುನುಗ್ಗಲು. ಆಮೇಲೆ ಜನಕ್ಕೆ ಬೇಸರವಾಯಿತು. ಏಳು ವರ್ಷ ಎಳೆದು 1795ರ ಏಪ್ರಿಲ್ 23ರಂದು ಖುಲಾಸೆಯ ತೀರ್ಪು ಬಂತು. ತೀರ್ಪಿನ ಮತ ಹಾಕಿದ ಪ್ರಭುಗಳು 29 ಮಂದಿ ಮಾತ್ರ. ಖರ್ಚಿನಲ್ಲಿ ಹೇಸ್ಟಿಂಗ್ಸ್ ಬರಿಗೈಯಾದ, ಕಂಪೆನಿ ವರ್ಷಾಶನ ಕೊಟ್ಟು ಸಾಕಬೇಕಾಯಿತು. ಕಾಶಿಯವರಿಗಾಗಲಿ ಔಧದವರಿಗಾಗಲಿ ಇದರಿಂದ ಏನು ಬಂತು ಎಂದು ಕೇಳಬೇಡಿ.

ನಮಗೆ ಬೇಕಾದ ಅಂಶ ಬೇರೆ. ಹುದ್ದೆ ಬಿಟ್ಟವನ ಮೇಲೆ ಮಹಾಭಿಯೋಗ ಹೂಡುವುದು ಇಂಗ್ಲೆಂಡಿನಲ್ಲಿ ಹೊಸ ಸಂಗತಿಯೇ ಆಗಿರಲಿಲ್ಲ. ಕೆಳಮನೆ ಆರೋಪ ಹೊರಿಸಿ ನಾಲ್ಕು ತಿಂಗಳಾಗಿತ್ತು ಅಷ್ಟೆ, 1787ರ ಸೆಪ್ಟೆಂಬರ್ 8ರಂದು ಫಿಲಡೆಲ್ಫಿಯಾದ ಸಂವಿಧಾನ ಸಭೆಯಲ್ಲಿ ವರ್ಜೀನಿಯಾದ ಜಾರ್ಜ್ ಮೇಸನ್ ಎದ್ದು ನಿಂತು ಹೇಸ್ಟಿಂಗ್ಸ್‌ನ ಹೆಸರು ತೆಗೆದ. ದೇಶದ್ರೋಹ, ಲಂಚ ಎಂದಷ್ಟೇ ಬರೆದರೆ ಹೇಸ್ಟಿಂಗ್ಸ್‌ನಂಥವನು ನುಸುಳಿಕೊಳ್ಳುತ್ತಾನೆ, ಆದ್ದರಿಂದ ದುರಾಡಳಿತ ಎಂಬುದನ್ನೂ ಸೇರಿಸಿ ಎಂಬುದು ಅವನ ಬೇಡಿಕೆ. ಅಷ್ಟು ಸಡಿಲ ಮಾತು ಬೇಡವೆಂದು ಜೇಮ್ಸ್ ಮ್ಯಾಡಿಸನ್ ಆಕ್ಷೇಪಿಸಿದ. ಕೊನೆಗೆ 'ಇತರ ಘೋರ ಅಪರಾಧಗಳು' ಎಂಬ ಮಾತು ಬಂದು ಕುಳಿತಿತು. ಅಮೆರಿಕದ ಅಧ್ಯಕ್ಷರ ತಲೆಯ ಮೇಲೆ ಇಂದಿಗೂ ತೂಗುವ ಆ ಮಾತು ಕಾಶಿ ಮತ್ತು ಔಧದ ಲೂಟಿಯ ನೆನಪಿನಲ್ಲಿ ಹುಟ್ಟಿದ್ದೆಂದು ಮಕ್ಕಳಿಗೆ ಹೇಳಿದರೆ ಕಣ್ಣರಳಿಸುತ್ತಾರೆ.

ಅಲ್ಲಿ ಕುಳಿತವರಿಗೆ ತಮ್ಮದೇ ರಾಜ್ಯಗಳ ಉದಾಹರಣೆಯೂ ಇತ್ತು. 1776ರ ವರ್ಜೀನಿಯಾ ಸಂವಿಧಾನದಲ್ಲಿ ಗವರ್ನರನ ಮೇಲೆ ಮಹಾಭಿಯೋಗ ಹೂಡಬೇಕಾದದ್ದೇ ಅವನು ಹುದ್ದೆ ಬಿಟ್ಟ ಮೇಲೆ. ಡೆಲವೇರ್ ರಾಜ್ಯದಲ್ಲಿ ಬಿಟ್ಟ 18 ತಿಂಗಳ ಒಳಗೆ. ಹಾಗಾದರೆ ಮಾಜಿಗಳ ವಿಚಾರಣೆ ಅವರಿಗೆ ಗೊತ್ತಿದ್ದ ವಿಷಯ, ಬೇಡವೆಂದಿದ್ದರೆ ಬೇಡವೆಂದೇ ಬರೆಯುತ್ತಿದ್ದರು ಎಂಬುದು ಒಂದು ವಾದ. ಬೇಕೆಂದಿದ್ದರೆ ವರ್ಜೀನಿಯಾದಂತೆ ಬಿಡಿಸಿ ಬರೆಯುತ್ತಿದ್ದರು ಎಂಬುದು ಎದುರು ವಾದ. ಅದೇ ಪುರಾವೆ, ಎರಡು ತೀರ್ಮಾನ. ಇಂಗ್ಲೆಂಡಿನಲ್ಲಿ ಹುದ್ದೆಯೇ ಇಲ್ಲದ ಸಾಮಾನ್ಯ ಪ್ರಜೆಯ ಮೇಲೂ ಮಹಾಭಿಯೋಗ ಹೂಡಿ ತಲೆ ತೆಗೆಯಬಹುದಿತ್ತು, ಅಮೆರಿಕದವರು ಅದನ್ನು ಬೇಕೆಂದೇ ಕಿರಿದು ಮಾಡಿದರು ಎಂದೂ ಎದುರಿನವರು ಹೇಳುತ್ತಾರೆ. 1833ರಲ್ಲಿ ಸಂವಿಧಾನಕ್ಕೆ ದೊಡ್ಡ ವ್ಯಾಖ್ಯಾನ ಬರೆದ ನ್ಯಾಯಮೂರ್ತಿ ಜೋಸೆಫ್ ಸ್ಟೋರಿಯವರ ಒಲವು ಈ ಕಡೆಗೇ ಇತ್ತು. ಆದ್ದರಿಂದ ಎದುರು ವಾದವನ್ನು ಬರಿಯ ನೆಪವೆಂದು ತಳ್ಳಿಬಿಡುವುದು ನ್ಯಾಯವಲ್ಲ.

ಮೊದಲ ಪರೀಕ್ಷೆ ಬೇಗನೆ ಬಂತು. ಟೆನೆಸ್ಸಿಯ ಸೆನೆಟರ್ ವಿಲಿಯಂ ಬ್ಲೌಂಟ್, ಸ್ಪೇನಿನ ಕೈಲಿದ್ದ ಪ್ರದೇಶಗಳನ್ನು ಬ್ರಿಟಿಷರಿಗೆ ಹಿಡಿದುಕೊಡುವ ಸಂಚು ಹೂಡಿದ್ದು ಬಯಲಾಯಿತು. 1797ರ ಜುಲೈ 7ರಂದು ಮಹಾಭಿಯೋಗ, ಮರುದಿನವೇ ಸೆನೆಟ್ ಅವನನ್ನು ಹೊರಹಾಕಿತು. 1799ರಲ್ಲಿ ವಿಚಾರಣೆ ಬಂದಾಗ 14 ಮಂದಿ ಇದು ನಮ್ಮ ವ್ಯಾಪ್ತಿಗೆ ಬಾರದು ಎಂದರು, 11 ಮಂದಿ ಬರುತ್ತದೆ ಎಂದರು. ಆದರೆ ಕಾರಣ ಸ್ಪಷ್ಟವಿಲ್ಲ. ಸೆನೆಟರ್ ಎಂಬವನು 'ನಾಗರಿಕ ಅಧಿಕಾರಿ'ಯೇ ಅಲ್ಲ ಎಂಬುದು ಅಲ್ಲಿನ ಮುಖ್ಯ ವಾದ. ವಿಶೇಷವೆಂದರೆ, ತಪ್ಪು ಮಾಡಿ ರಾಜೀನಾಮೆ ಕೊಟ್ಟರೆ ಪಾರಾಗಬಹುದು ಎಂಬ ವಾದವನ್ನು ತಾವು ಎಂದೂ ಮಾಡುವುದಿಲ್ಲವೆಂದು ಬ್ಲೌಂಟನ ವಕೀಲರೇ ಹೇಳಿಬಿಟ್ಟರು!

ಇನ್ನೊಂದು ಸಾಕ್ಷ್ಯ ನಮಗೆ ಬಹಳ ಮೆಚ್ಚಿಗೆಯಾದದ್ದು. ಜಾನ್ ಕ್ವಿನ್ಸಿ ಆಡಮ್ಸ್ 1825ರಿಂದ 1829ರವರೆಗೆ ಅಧ್ಯಕ್ಷರಾಗಿದ್ದವರು. ಆಮೇಲೆ ಮನೆಯಲ್ಲಿ ಕೂರದೆ ಪ್ರತಿನಿಧಿ ಸಭೆಗೆ ಆಯ್ಕೆಯಾಗಿ ಬಂದರು, ಸಾಯುವವರೆಗೂ ಅಲ್ಲಿದ್ದರು. 1846ರಲ್ಲಿ ಬೇರೊಬ್ಬ ಮಾಜಿ ಮಂತ್ರಿಯ ವಿಷಯ ಚರ್ಚೆಗೆ ಬಂದಾಗ ಅವರು ಎದ್ದು, ತಾನು ಹುದ್ದೆಯಲ್ಲಿದ್ದಾಗ ಮಾಡಿದ ಪ್ರತಿಯೊಂದಕ್ಕೂ ಉಸಿರಿರುವವರೆಗೆ ಈ ಸಭೆಯ ಮಹಾಭಿಯೋಗಕ್ಕೆ ಒಳಗಾಗಲು ಬದ್ಧನೆಂಬ ಅರ್ಥದ ಮಾತು ಆಡಿದರು. ಸ್ವತಃ ಮಾಜಿ ಅಧ್ಯಕ್ಷರೊಬ್ಬರು ತಮ್ಮ ಮೇಲೆಯೇ ಹೇರಿಕೊಂಡ ಮಾತು ಇದು.

ಈಗ ಇಡೀ ಪ್ರಶ್ನೆಯ ನಡುಮನೆಗೆ ಬರೋಣ. ವಿಲಿಯಂ ಬೆಲ್ಕ್‌ನ್ಯಾಪ್. ಅಂತರ್ಯುದ್ಧದಲ್ಲಿ ಹೋರಾಡಿದ ಜನರಲ್, 1869ರಿಂದ ಅಧ್ಯಕ್ಷ ಗ್ರಾಂಟ್ ಅವರ ಯುದ್ಧ ಸಚಿವ. ಸಂಬಳ ವರ್ಷಕ್ಕೆ 8 ಸಾವಿರ ಡಾಲರ್. ಮನೆಯಲ್ಲಿ ನಡೆಯುತ್ತಿದ್ದ ಔತಣಗಳು, ಹೆಂಡತಿಯ ಉಡುಪುಗಳು ಆ ಸಂಬಳಕ್ಕೆ ಹೊಂದುವಂತಿರಲಿಲ್ಲ. ಗುಟ್ಟು ಇಷ್ಟೆ. ಆಗ ಸೇನಾ ಠಾಣ್ಯಗಳಲ್ಲಿ ಸಿಪಾಯಿಗಳಿಗೆ ಸಾಮಾನು ಮಾರಲು ಒಬ್ಬನೇ ವ್ಯಾಪಾರಿಗೆ ಪರವಾನಿಗೆ, ಅದನ್ನು ಕೊಡುವವರು ಯುದ್ಧ ಸಚಿವರು. ಫೋರ್ಟ್ ಸಿಲ್ ಎಂಬ ಠಾಣ್ಯದ ಪರವಾನಿಗೆ 1870ರಲ್ಲಿ ಸಚಿವರ ಹೆಂಡತಿಯ ಮಾತಿನಿಂದ ನ್ಯೂಯಾರ್ಕಿನ ಮಾರ್ಷ್ ಎಂಬವನಿಗೆ ಸಿಕ್ಕಿತು. ಆದರೆ ಅಲ್ಲಿ ಆಗಲೇ ಅಂಗಡಿ ಇಟ್ಟಿದ್ದ ಎವಾನ್ಸ್ ಬಿಟ್ಟುಕೊಡಲು ಒಪ್ಪಲಿಲ್ಲ. ಒಪ್ಪಂದವಾಯಿತು: ಎವಾನ್ಸ್ ಅಂಗಡಿ ನಡೆಸಲಿ, ಮಾರ್ಷನಿಗೆ ವರ್ಷಕ್ಕೆ 12 ಸಾವಿರ ಡಾಲರ್ ಕೊಡಲಿ. ಅದರಲ್ಲಿ ಅರ್ಧ ಸಚಿವರ ಮನೆಗೆ. ಆ ವರ್ಷವೇ ಹೆಂಡತಿ ತೀರಿಕೊಂಡಳು. ಹಣ ಬರುವುದು ಮಾತ್ರ ನಿಲ್ಲಲಿಲ್ಲ. ಮುಂದೆ ಸಚಿವ ಆಕೆಯ ತಂಗಿಯನ್ನೇ ಮದುವೆಯಾದ, ಹಣ ಆಗಲೂ ಬಂತು. ಆ 12 ಸಾವಿರ ಕೊನೆಗೆ ಯಾರ ಜೇಬಿನಿಂದ ಹೋಯಿತು? ದೂರದ ಕಾಡುಠಾಣ್ಯದಲ್ಲಿ ಬೇರೆ ಅಂಗಡಿ ಇಲ್ಲದೆ ಹೇಳಿದ ಬೆಲೆಗೆ ಸಾಮಾನು ಕೊಳ್ಳಬೇಕಾದ ಸಿಪಾಯಿಗಳ ಜೇಬಿನಿಂದ.

1876ರ ಆರಂಭದಲ್ಲಿ ಪ್ರತಿನಿಧಿ ಸಭೆಯ ಸಮಿತಿಯೊಂದು ಇದನ್ನು ಕೆದಕಿತು. ಸಮಿತಿಯ ಅಧ್ಯಕ್ಷ ಕ್ಲೈಮರ್ ಬೆಲ್ಕ್‌ನ್ಯಾಪನ ಕಾಲೇಜು ದಿನಗಳ ಕೋಣೆಯ ಜೊತೆಗಾರ. ಮಾರ್ಷ್ ಎಲ್ಲವನ್ನೂ ಹೇಳಿಬಿಟ್ಟ. ಮಾರ್ಚ್ 2ರ ಬೆಳಿಗ್ಗೆ ಬೆಲ್ಕ್‌ನ್ಯಾಪ್ ಶ್ವೇತಭವನಕ್ಕೆ ಓಡಿಬಂದು ಅಳುತ್ತಾ ರಾಜೀನಾಮೆ ಕೊಟ್ಟ. ಗ್ರಾಂಟ್ ಅಲ್ಲೇ ಸ್ವೀಕರಿಸಿದರು, ಗಂಟೆ 10.20. ಪ್ರತಿನಿಧಿ ಸಭೆಗೆ ಸುದ್ದಿ ಮುಟ್ಟಿತು. ಮುಟ್ಟಿದರೂ ಅದೇ ದಿನ ಸಂಜೆಯೊಳಗೆ ಸಭೆ ಸರ್ವಾನುಮತದಿಂದ ಮಹಾಭಿಯೋಗ ಹೂಡಿತು. ರಾಜೀನಾಮೆಗೂ ಆರೋಪಕ್ಕೂ ನಡುವೆ ಕೆಲವೇ ಗಂಟೆ.

ಆದರೆ ಕಾನೂನಿಗೆ ಗಂಟೆಯೂ ಒಂದೇ, ವರ್ಷವೂ ಒಂದೇ. ತಾನೀಗ ಖಾಸಗಿ ಪ್ರಜೆ, ಸೆನೆಟ್ಟಿಗೆ ತನ್ನನ್ನು ವಿಚಾರಿಸುವ ಅಧಿಕಾರವಿಲ್ಲ ಎಂದು ಬೆಲ್ಕ್‌ನ್ಯಾಪನ ವಕೀಲರು ವಾದಿಸಿದರು. ರಾಜೀನಾಮೆ ಕೊಟ್ಟು ತಪ್ಪಿಸಿಕೊಳ್ಳುವುದಾದರೆ ಈ ಕಾನೂನು ಇದ್ದೇನು ಫಲ ಎಂದು ಎದುರಿನವರು ಕೇಳಿದರು. 1876ರ ಮೇ 29ರಂದು ಸೆನೆಟ್ ಈ ಒಂದೇ ಪ್ರಶ್ನೆಗೆ ಮತ ಹಾಕಿತು. ವಿಚಾರಿಸಬಹುದು ಎಂದವರು 37, ಆಗದು ಎಂದವರು 29. ಪ್ರಶ್ನೆ ಇತ್ಯರ್ಥವಾಯಿತು ಅಂದುಕೊಳ್ಳುತ್ತೀರಿ. ಇಲ್ಲ. ಆಗಸ್ಟ್ 1ರಂದು ದೋಷಿಯೋ ನಿರ್ದೋಷಿಯೋ ಎಂಬ ಮತ ಬಂದಾಗ, ಐದು ಆರೋಪಗಳಿಗೂ ದೋಷಿ ಎಂದವರು 35ರಿಂದ 37 ಮಂದಿ, ನಿರ್ದೋಷಿ ಎಂದವರು 25 ಮಂದಿ. ಮೂರನೇ ಎರಡು ಮುಟ್ಟಲಿಲ್ಲ, ಬೆಲ್ಕ್‌ನ್ಯಾಪ್ ಬಿಡುಗಡೆಯಾದ. ಆ 25ರಲ್ಲಿ ಬಹುಪಾಲು ಮಂದಿ, ಅವನು ಹಣ ತಿಂದಿಲ್ಲ ಎಂದು ಹೇಳಲಿಲ್ಲ. ನಮಗೆ ಅಧಿಕಾರವಿಲ್ಲ, ಆದ್ದರಿಂದ ನಿರ್ದೋಷಿ ಎಂದರು. ಮೇ ತಿಂಗಳಿನಲ್ಲಿ ಸೋತ ವಾದ ಆಗಸ್ಟಿನಲ್ಲಿ ಗೆದ್ದಿತು.

ಇದನ್ನು ತರಗತಿಯ ಲೆಕ್ಕವಾಗಿ ಹೇಳುವುದಾದರೆ ಹೀಗೆ. ಅಧಿಕಾರ ಇದೆಯೇ ಎಂಬುದಕ್ಕೆ ಅರ್ಧಕ್ಕಿಂತ ಒಂದು ಹೆಚ್ಚು ಸಾಕು. ದೋಷಿ ಎನ್ನಲು ಮೂರರಲ್ಲಿ ಎರಡು ಬೇಕು. ಮೊದಲ ಮತದಲ್ಲಿ ಸೋತವರು ಮೂರನೇ ಒಂದಕ್ಕಿಂತ ಹೆಚ್ಚಿದ್ದರೆ, ಸೋತ ಕಾರಣವನ್ನೇ ಎರಡನೇ ಮತಕ್ಕೆ ಹೊತ್ತು ತಂದು ಗೆಲ್ಲಬಹುದು. ಆಗುತ್ತದೆ ಎಂಬುದು ಬಹುಮತದ ನಿರ್ಣಯ, ಆಗದು ಎಂಬುದು ಕೊನೆಯ ಫಲ. ಸಾಮಾನ್ಯ ನ್ಯಾಯಾಲಯದಲ್ಲಿ ಇದು ನಡೆಯುವುದಿಲ್ಲ, ಅಲ್ಲಿ ವ್ಯಾಪ್ತಿಯ ಪ್ರಶ್ನೆ ಒಮ್ಮೆ ತೀರಿದರೆ ಆ ಮೇಲೆ ಸಾಕ್ಷ್ಯವನ್ನೇ ನೋಡಬೇಕು. ಸೆನೆಟ್ಟಿನಲ್ಲಿ ಯಾರು ಯಾಕೆ ಮತ ಹಾಕಿದರೆಂದು ಕೇಳುವವರಿಲ್ಲ. ಸುಪ್ರೀಂ ಕೋರ್ಟೂ ಕೇಳುವುದಿಲ್ಲ. ಸೆನೆಟ್ ವಿಚಾರಣೆ ನಡೆಸುವ ರೀತಿಯಲ್ಲಿ ತಾನು ಕೈ ಹಾಕುವುದಿಲ್ಲವೆಂದು ಅದು 1993ರಲ್ಲಿ ನಿಕ್ಸನ್ ಪ್ರಕರಣದಲ್ಲಿ ಹೇಳಿದೆ. (ಈ ನಿಕ್ಸನ್ ವಾಲ್ಟರ್ ನಿಕ್ಸನ್ ಎಂಬ ನ್ಯಾಯಾಧೀಶ, ಅಧ್ಯಕ್ಷನಲ್ಲ. ಕ್ವಿಜ್ ಸ್ಪರ್ಧೆಗೆ ಹೋಗುವ ಮಕ್ಕಳು ಗಮನಿಸಬೇಕು.)

ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರ ವಿಷಯದಲ್ಲಿ ಪ್ರಶ್ನೆ ಮೇಲೇಳಬಹುದಿತ್ತು. 1974ರ ಆಗಸ್ಟ್ 9ರಂದು, ಪ್ರತಿನಿಧಿ ಸಭೆ ಮತ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಸಭೆ ಮುಂದುವರಿಯಲಿಲ್ಲ. ತಿಂಗಳೊಳಗೆ ಅಧ್ಯಕ್ಷ ಫೋರ್ಡ್ ಕ್ಷಮೆಯನ್ನೂ ಕೊಟ್ಟರು. ಎರಡು ಸಲ ಗೆದ್ದವರು ಮತ್ತೆ ಅಧ್ಯಕ್ಷರಾಗುವಂತಿಲ್ಲವಾದ್ದರಿಂದ ಬಾಗಿಲು ಹಾಕುವ ಅಗತ್ಯವೂ ಯಾರಿಗೂ ಕಾಣಲಿಲ್ಲ.

2021ರಲ್ಲಿ ಹಾಗಿರಲಿಲ್ಲ. ಚುನಾವಣೆಯಲ್ಲಿ ಸೋತಿದ್ದ ಡೊನಾಲ್ಡ್ ಟ್ರಂಪ್ ಅವರ ಬೆಂಬಲಿಗರು ಜನವರಿ 6ರಂದು ಸಂಸತ್ ಭವನಕ್ಕೆ ನುಗ್ಗಿದರು. 13ರಂದು ಪ್ರತಿನಿಧಿ ಸಭೆ, ದಂಗೆಗೆ ಪ್ರಚೋದನೆ ಎಂಬ ಒಂದೇ ಆರೋಪದ ಮೇಲೆ 232ಕ್ಕೆ 197 ಮತಗಳಿಂದ ಮಹಾಭಿಯೋಗ ಹೂಡಿತು. ಅವರ ಅವಧಿ ಮುಗಿಯುವುದು 20ಕ್ಕೆ. ಇಲ್ಲಿ ಬೆಲ್ಕ್‌ನ್ಯಾಪನಿಗಿಂತ ಒಂದು ವ್ಯತ್ಯಾಸವಿದೆ. ಆರೋಪ ಹೊರಿಸುವಾಗ ಟ್ರಂಪ್ ಹುದ್ದೆಯಲ್ಲೇ ಇದ್ದರು, ವಿಚಾರಣೆ ಮಾತ್ರ ಆಮೇಲೆ. ಸೆನೆಟ್ಟಿನ ಅಂದಿನ ಬಹುಮತದ ನಾಯಕ ಮಿಚ್ ಮೆಕಾನಲ್ ಸದನವನ್ನು ತುರ್ತಾಗಿ ಕರೆಯಲು ಒಪ್ಪಲಿಲ್ಲ, ಅವಧಿಯೊಳಗೆ ವಿಚಾರಣೆ ಮುಗಿಯದು ಎಂದರು. ಫೆಬ್ರವರಿ 9ರಂದು ವಿಚಾರಣೆ ಆರಂಭವಾದಾಗ ಮುಖ್ಯ ನ್ಯಾಯಮೂರ್ತಿ ಪೀಠಕ್ಕೆ ಬರಲಿಲ್ಲ, ಹಿರಿಯ ಸೆನೆಟರ್ ಪ್ಯಾಟ್ರಿಕ್ ಲೇಹಿ ಕುಳಿತರು. ಮಾಜಿ ಅಧ್ಯಕ್ಷ ಅಧ್ಯಕ್ಷನಲ್ಲ ಎಂಬುದಕ್ಕೆ ಇದೇ ಸಾಕ್ಷಿ ಎಂದು ಟ್ರಂಪ್ ಪರದವರು ಬೊಟ್ಟು ಮಾಡಿದರು.

ಆರೋಪದ ಪರ ವಾದಿಸಿದ ಜೇಮಿ ರಾಸ್ಕಿನ್ ಅವರ ಮಾತಿನ ತಿರುಳು ಸರಳ. ಮಾಜಿಗಳನ್ನು ವಿಚಾರಿಸಬಾರದು ಎಂದಾದರೆ ಅಧಿಕಾರದ ಕೊನೆಯ ದಿನಗಳಲ್ಲಿ ಏನು ಬೇಕಾದರೂ ಮಾಡಬಹುದು ಎಂದಾಗುತ್ತದೆ. ಹೇಸ್ಟಿಂಗ್ಸ್ ಮತ್ತು ಬೆಲ್ಕ್‌ನ್ಯಾಪ್ ಇಬ್ಬರ ಹೆಸರೂ ಅಂದು ಮತ್ತೆ ಸೆನೆಟ್ಟಿನಲ್ಲಿ ಕೇಳಿಸಿದವು. ಖಾಸಗಿ ಪ್ರಜೆಯಾದವನು ತಪ್ಪು ಮಾಡಿದ್ದರೆ ಅದಕ್ಕೆ ಸಾಮಾನ್ಯ ನ್ಯಾಯಾಲಯಗಳಿವೆ ಎಂದು ಟ್ರಂಪ್ ವಕೀಲರು ಹೇಳಿದರು. ಈ ಮಾತನ್ನೂ ಓದುಗರು ನೆನಪಿಟ್ಟುಕೊಳ್ಳಲಿ. ವಿಚಾರಿಸಬಹುದು ಎಂದು 56, ಆಗದು ಎಂದು 44 ಮತ ಬಿತ್ತು. ಫೆಬ್ರವರಿ 13ರಂದು ದೋಷಿ ಎಂದವರು 57, ಬೇಕಿದ್ದದ್ದು 67. ಅವರ ಪಕ್ಷದ ಏಳು ಮಂದಿಯೇ ದೋಷಿ ಎಂದಿದ್ದರು. ಬಿಡುಗಡೆಗೆ ಮತ ಹಾಕಿದ ಮೆಕಾನಲ್ ಕೂಡಲೇ ಎದ್ದು ನಿಂತು, ಆ ದಿನದ ಘಟನೆಗೆ ಟ್ರಂಪ್ ಅವರೇ ನೈತಿಕವಾಗಿಯೂ ವಾಸ್ತವವಾಗಿಯೂ ಹೊಣೆ, ಆದರೆ ಮಾಜಿ ಅಧ್ಯಕ್ಷರನ್ನು ವಿಚಾರಿಸುವ ಅಧಿಕಾರ ನಮಗಿಲ್ಲ ಎಂದರು. 1876ರ ಆಗಸ್ಟ್ 145 ವರ್ಷದ ನಂತರ ಮತ್ತೆ ಬಂದಿತ್ತು. ಅವಧಿಯೊಳಗೆ ವಿಚಾರಣೆ ಬೇಡ ಎಂದವರೇ ಅವಧಿ ಮುಗಿಯಿತಲ್ಲ ಎಂದದ್ದು ನಮಗಂತೂ ಗಂಟಲಲ್ಲಿ ಇಳಿಯುವುದಿಲ್ಲ.

ದೋಷಿ ಎಂದಾಗಿದ್ದರೆ ಅನರ್ಹತೆಗೆ ಇನ್ನೊಂದು ಮತ, ಅದಕ್ಕೆ ಸೆನೆಟ್ಟಿನ ರೂಢಿಯಂತೆ ಸರಳ ಬಹುಮತ ಸಾಕಿತ್ತು. ಅಮೆರಿಕದ ಇತಿಹಾಸದಲ್ಲಿ ಈ ರೀತಿ ಅನರ್ಹರಾದವರು 1862, 1913 ಮತ್ತು 2010ರಲ್ಲಿ ಒಬ್ಬೊಬ್ಬರಂತೆ ಮೂವರು ನ್ಯಾಯಾಧೀಶರು ಮಾತ್ರ. ಟ್ರಂಪ್ ಮೇಲೆ ಬಾಗಿಲು ಹಾಕಲಿಲ್ಲ. ಮುಂದೆ ಸಾಮಾನ್ಯ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದಾಗ, ಮೊದಲು ಮಹಾಭಿಯೋಗದಲ್ಲಿ ದೋಷಿಯಾಗದೆ ಮಾಜಿ ಅಧ್ಯಕ್ಷರನ್ನು ನ್ಯಾಯಾಲಯಕ್ಕೆ ಎಳೆಯುವಂತಿಲ್ಲ ಎಂದು ಅವರ ಪರವಾಗಿಯೇ ವಾದ ಬಂತು. ಸೆನೆಟ್ಟಿನಲ್ಲಿ ನ್ಯಾಯಾಲಯದ ದಾರಿ ತೋರಿಸಿದರು, ನ್ಯಾಯಾಲಯದಲ್ಲಿ ಸೆನೆಟ್ಟಿನ ದಾರಿ! ಸುಪ್ರೀಂ ಕೋರ್ಟ್ 2024ರ ಜುಲೈ 1ರಂದು ಈ ವಾದವನ್ನು ಒಪ್ಪಲಿಲ್ಲ, ಆದರೆ ಅಧ್ಯಕ್ಷನಾಗಿ ಮಾಡಿದ ಅಧಿಕೃತ ಕೆಲಸಗಳಿಗೆ ಬೇರೆಯೇ ಆದ ದೊಡ್ಡ ರಕ್ಷಣೆ ಕೊಟ್ಟಿತು. ಆ ನವೆಂಬರಿನಲ್ಲಿ ಟ್ರಂಪ್ ಚುನಾವಣೆ ಗೆದ್ದರು, ಜನವರಿ 6ಕ್ಕೆ ಸಂಬಂಧಿಸಿದ ಕೇಂದ್ರ ಸರಕಾರದ ಮೊಕದ್ದಮೆಯನ್ನು ಕೈಬಿಡಲಾಯಿತು, 2025ರ ಜನವರಿ 20ರಂದು ಅವರು ಮತ್ತೆ ಪ್ರಮಾಣವಚನ ಸ್ವೀಕರಿಸಿದರು.

ನಮ್ಮ ದೇಶದಲ್ಲಿ ಹೇಗೆ ಎಂದು ಮಕ್ಕಳು ಕೇಳದೆ ಬಿಡುವುದಿಲ್ಲ. ನಮ್ಮ ಸಂವಿಧಾನದ 61ನೇ ವಿಧಿಯಲ್ಲಿ ರಾಷ್ಟ್ರಪತಿಯವರ ಮೇಲಿನ ಮಹಾಭಿಯೋಗಕ್ಕೆ ಒಂದೇ ಕಾರಣ, ಸಂವಿಧಾನದ ಉಲ್ಲಂಘನೆ. ಒಂದೇ ಫಲ, ಹುದ್ದೆಯಿಂದ ತೆಗೆಯುವುದು. ಅನರ್ಹತೆಯ ಮಾತೇ ಇಲ್ಲ. ಆದ್ದರಿಂದ ನಮ್ಮಲ್ಲಿ ಆ ಹುಡುಗಿಯ ಪ್ರಶ್ನೆ ಪೂರ್ತಿ ಸರಿ, ಹೋದವರನ್ನು ತೆಗೆಯಲು ಏನೂ ಉಳಿಯುವುದಿಲ್ಲ. ಇದುವರೆಗೆ ಯಾವ ರಾಷ್ಟ್ರಪತಿಯವರ ಮೇಲೂ ಇದು ನಡೆದಿಲ್ಲ. ಆದರೆ ನ್ಯಾಯಾಧೀಶರ ವಿಷಯದಲ್ಲಿ ಇದೇ ಪ್ರಶ್ನೆ ಒಂದೇ ವರ್ಷದಲ್ಲಿ ಎರಡು ಸಲ ಬಂತು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದು ಅಲ್ಲಿಂದ ಸಿಕ್ಕಿಂಗೆ ವರ್ಗವಾಗಿದ್ದ ಪಿ.ಡಿ. ದಿನಕರನ್ ಅವರ ಮೇಲೆ ರಾಜ್ಯಸಭೆ ನೇಮಿಸಿದ ಸಮಿತಿ ವಿಚಾರಣೆ ನಡೆಸುತ್ತಿತ್ತು. 2011ರ ಜುಲೈಯಲ್ಲಿ ಅವರು ರಾಜೀನಾಮೆ ಕೊಟ್ಟರು, ಆರೋಪ ನಿಜವೋ ಸುಳ್ಳೋ ತೀರ್ಮಾನವಾಗದೆ ಉಳಿಯಿತು. ಅದೇ ಆಗಸ್ಟಿನಲ್ಲಿ ಕಲ್ಕತ್ತಾ ಹೈಕೋರ್ಟಿನ ಸೌಮಿತ್ರ ಸೇನ್ ಅವರನ್ನು ತೆಗೆಯುವ ಗೊತ್ತುವಳಿಗೆ ರಾಜ್ಯಸಭೆ ಭಾರೀ ಬಹುಮತದಿಂದ ಒಪ್ಪಿಗೆ ಕೊಟ್ಟಿತ್ತು. ಸೆಪ್ಟೆಂಬರ್ ಆರಂಭದಲ್ಲಿ ಲೋಕಸಭೆಯಲ್ಲಿ ಚರ್ಚೆ ನಿಗದಿಯಾಗಿತ್ತು. ಅದಕ್ಕೆ ಕೆಲವೇ ದಿನ ಮೊದಲು ಅವರೂ ರಾಜೀನಾಮೆ ಕಳುಹಿಸಿದರು. ಲೋಕಸಭೆ ಗೊತ್ತುವಳಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ.